ತಮ್ಮನ ಎಲುಬಿನ ವಾರ್ಡು, ಸಕ್ಕುಬಾಯಿಯ ಹೊಟ್ಟೆಕಿಚ್ಚು

ಕರಜಗಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕಟ್ಟೆಯ ಮೇಲೆ ಕುಳಿತ ಮುದುಕರೊಬ್ಬರ ಮುರಿದ ಮುಂಗೈಯನ್ನು ಸಕ್ಕುಬಾಯಿ ಕಣ್ಣು ಮುಚ್ಚಿಕೊಂಡೇ ಸವರುತ್ತಾರೆ. "ಮಗಳನ್ನ ಯಾವ ಊರಿಗಿ ಕೊಟ್ಟೀರಿ, ಮುತ್ಯಾ?" ಮುದುಕರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಒಂದೇ ಎಳೆತ. ಚೀರಾಟ ನಿಲ್ಲುವ ಹೊತ್ತಿಗೆ ಉದ್ದಿನ ಹಿಟ್ಟು, ತತ್ತಿಯ ಬಿಳಿ ಬಳಿದು, ಬಿದಿರಿನ ಪಟ್ಟಿ ಇಟ್ಟು, ಬಟ್ಟೆ ಸುತ್ತಿಯಾಗಿದೆ.

ದಿನಕ್ಕೆ ನಾಲ್ಕೈದು ಮಂದಿ ಬರುತ್ತಾರೆ. ಅಮಾವಾಸ್ಯೆಯ ಮರುದಿನ ಹತ್ತು ದಾಟುತ್ತದೆ. ಅಮಾವಾಸ್ಯೆಗೆ ಘತ್ತರಗಿಯ ದೇವಿಗೆ ಹೋಗಿ ಹೊಳೆದಂಡೆಯಲ್ಲಿ ಜಾರಿ ಬಿದ್ದವರೆಲ್ಲ ಇಲ್ಲಿಗೇ. ಪ್ಲೇಗಿನಲ್ಲಿ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಸಕ್ಕುಬಾಯಿ ಅಪ್ಪನಿಂದ ಎಲುಬು ಕೂರಿಸುವ ಈ ವಿದ್ಯೆ ಕಲಿತರು. ತಮ್ಮ ಸೈದಪ್ಪನಿಗೆ ತಾವೇ ಕಲಿಸಿದರು.

ಆ ತಮ್ಮನ ಹೆಸರೆತ್ತಿದರೆ ಅವರ ಮುಖ ಬಿಗಿಯುತ್ತದೆ.

ಹೋದ ವರ್ಷ, ೧೯೪೭ರಲ್ಲಿ, ಕಾಲು ಮುರಿದುಕೊಂಡ ಗೌಡರ ಜೊತೆ ಸೈದಪ್ಪ ಹೈದರಾಬಾದಿಗೆ ಹೋದ. ಅಲ್ಲಿನ ಒಂದು ವೈದ್ಯಕೀಯ ಶಾಲೆಯ ಆಸ್ಪತ್ರೆಯಲ್ಲಿ ಅದುವರೆಗೆ ಎಲುಬು ಮುರಿದವರಿಗೆ ಸಿಗುತ್ತಿದ್ದುದು ಸಾಮಾನ್ಯ ವಾರ್ಡಿನ ಮೂಲೆಯ ನಾಲ್ಕು ಮಂಚ. ಆಗತಾನೆ ಎಲುಬಿಗೆಂದೇ ಬೇರೆ ವಿಭಾಗ ತೆರೆದಿದ್ದರು. ಸೈದಪ್ಪ ಗೌಡರ ಕಾಲು ಹಿಡಿದ ರೀತಿ ನೋಡಿದ ದೊಡ್ಡ ಡಾಕ್ಟರು ಅವನನ್ನು ಪ್ಲಾಸ್ಟರ್ ಕಟ್ಟುವ ಕೆಲಸಕ್ಕೆ ಇಟ್ಟುಕೊಂಡರು. ವಿಭಾಗದ ಮೊದಲ ಫೋಟೋದಲ್ಲಿ ಅವನೂ ನಿಂತಿದ್ದಾನೆ.

"ಹೊಟ್ಟಿ ಉರೀತದ್ರಿ, ಸುಳ್ಳ್ಯಾಕ ಹೇಳ್ಲಿ? ಅವನ ಕೈ ಹಿಡದು ಕಲಿಸಿದಾಕಿ ನಾ. ಈಗ ಆಸ್ಪತ್ರಿ ಖಾಕಿ ಅಂಗಿ ಹಾಕ್ಕೊಂಡು ಬಂದು, 'ಅಕ್ಕಾ, ತೊಡಿ ಎಲುಬು ನಿನ್ನಿಂದ ಆಗಂಗಿಲ್ಲ, ನಮ್ಮ ಕಡಿ ಕಳಸು' ಅಂತಾನ."

ಈ ವರ್ಷ ಸಂಕ್ರಾಂತಿಯಾದ ವಾರದೊಳಗೇ, ಬಣವೆಯಿಂದ ಬಿದ್ದು ತೊಡೆ ಮುರಿದುಕೊಂಡ ಹೀರಾಬಾಯಿಯನ್ನು ಹೊತ್ತು ತಂದರು. ಸಕ್ಕುಬಾಯಿ ಹೈದರಾಬಾದಿಗೆ ಕಳಿಸಲಿಲ್ಲ, ತಾವೇ ಕಟ್ಟಿದರು. ಎಂಟನೆಯ ದಿನ ಎರಡೂ ಹಿಮ್ಮಡಿ ಜೋಡಿಸಿ ನೋಡಿದರೆ ಒಂದು ಕಾಲು ಎರಡು ಬೆರಳು ಗಿಡ್ಡ.

"'ಆರಾಮ ಆಗ್ತದಲ್ಲಕ್ಕಾ?' ಅಂತ ಕೇಳಿದಳ್ರಿ ಆಕಿ. ನನ್ನ ಹೊಟ್ಟಿಕಿಚ್ಚಿಗಿ ಆಕಿ ಜಲ್ಮಪೂರ್ತಿ ಕುಂಟಬೇಕೇನು?"

ಅಂದೇ ಗಾಡಿ ಕಟ್ಟಿಸಿದರು. ರೈಲು ಹತ್ತುವ ಮೊದಲು ರಜಾಕಾರರು ಎರಡು ಕಡೆ ತಡೆದರು. ಹೈದರಾಬಾದು ಮುಟ್ಟಿ, ವಾರ್ಡಿನ ಬಾಗಿಲಲ್ಲಿ ಸಕ್ಕುಬಾಯಿ ತಮ್ಮನಿಗೆ ನೇರವಾಗಿ ಹೇಳಿದರು: "ಸೈದ್ಯಾ, ತಪ್ಪು ನಂದು. ನಿನ್ನ ಮ್ಯಾಲಿನ ಸಿಟ್ಟಿಗಿ ಈಕಿನ್ನ ಇಟ್ಕೊಂಡಿದ್ದೆ."

ಸೈದಪ್ಪ ಅಕ್ಕನನ್ನು ಡಾಕ್ಟರ ಮುಂದೆ ನಿಲ್ಲಿಸಿ, "ಸಾಹೇಬ್ರ, ನನಗ ಕಲಿಸಿದಾಕಿ ಈಕಿನ," ಎಂದ. "ಅದಕ್ಕಿಂತ ಅಂವ ಬೈದಿದ್ರ ಚಲೋ ಇತ್ರಿ," ಎನ್ನುತ್ತಾರೆ ಸಕ್ಕುಬಾಯಿ.

ಮಂಚಕ್ಕೆ ಚೌಕಟ್ಟು, ಗಾಲಿಯ ಮೇಲೆ ಹಾಯ್ದ ಹಗ್ಗ, ಅದರ ತುದಿಗೆ ಭಾರ. ಆ ಭಾರ ಹೀರಾಬಾಯಿಯ ಕಾಲನ್ನು ದಿನದಿನಕ್ಕೆ ಇಷ್ಟಿಷ್ಟೇ ಎಳೆಯುವುದನ್ನು ಸಕ್ಕುಬಾಯಿ ಎರಡು ತಿಂಗಳು ಪಕ್ಕದಲ್ಲೇ ಕುಳಿತು ನೋಡಿದರು. ಈಗ ಹೀರಾಬಾಯಿ ಕುಂಟದೆ ನೀರು ಹೊರುತ್ತಾಳೆ.

ಹಾಗಾದರೆ ಹೊಟ್ಟೆಕಿಚ್ಚು ಹೋಯಿತೇ?

"ಹೆಚ್ಚಾಗ್ಯದ್ರಿ! ಮೊದಲು ಅವನ ಅಂಗಿ ನೋಡಿ ಉರೀತಿತ್ತು. ಈಗ ಅವಗ ಗೊತ್ತಿದ್ದದ್ದು ನನಗ ಗೊತ್ತಿಲ್ಲಲ್ಲ ಅಂತ ಉರೀತದ."

ಹಿತ್ತಲಲ್ಲಿ ಬಡಿಗ ರೇವಣಪ್ಪ ಹಳೆಯ ಮಂಚಕ್ಕೆ ಚೌಕಟ್ಟು ಕೂರಿಸುತ್ತಿದ್ದಾನೆ. ಮೇಲೆ ಬಾವಿಯ ಗಾಲಿ. ಸಕ್ಕುಬಾಯಿ ಹಗ್ಗ ಜಗ್ಗಿ ನೋಡಿ, ಗಾಲಿಯನ್ನು ಒಂದು ಗೇಣು ಮೇಲೇರಿಸಲು ಹೇಳುತ್ತಾರೆ.

"ಪಂಚಮಿಗಿ ಸೈದ್ಯಾ ಬರ್ತಾನ. ಇದನ್ನ ನೋಡಿ ಒಂದು ಗಳಿಗಿ ಅಂವನೂ ಹೊಟ್ಟಿ ಉರಕೋಬೇಕ್ರಿ. ಅಷ್ಟಾದ್ರ ನನಗ ಸಾಕು."