ಬರ್ಲಿಬಾಯಿ
ಅಕ್ಕಲಕೋಟದಾಚೆಯ ಹಳ್ಳಿ ದವಾಖಾನೆಯ ನರ್ಸು ಕಸ್ತೂರಬಾಯಿಗೆ ಊರಿಟ್ಟ ಹೆಸರು ಬರ್ಲಿಬಾಯಿ. ಹೊಟ್ಟೆ ನೋಯಲಿ, ತಲೆ ಸುತ್ತಲಿ, ಅವಳದು ಒಂದೇ ಜಪ: “ಸಾಹೇಬ್ರು ಬರ್ಲಿ.” ಮಾತ್ರೆ ಕಪಾಟಿನಲ್ಲೇ ಇತ್ತು, ಕೊಡುವ ಹಕ್ಕು ಡಾಕ್ಟರದು, ಡಾಕ್ಟರು ಸೊಲ್ಲಾಪುರದಲ್ಲಿ. ಕುರಿ ಕಾಯುವ ಹಣಮವ್ವನ ಗಂಡ ಬಿಪಿ ಏರಿ, ಹಾಗೆ ಡಾಕ್ಟರ ದಾರಿ ಕಾಯುತ್ತಲೇ ಲಕ್ವಾ ಹೊಡೆದು ದವಾಖಾನೆಯ ಬೆಂಚಿನಿಂದ ಉರುಳಿದ. ಅಂದಿನಿಂದ ಕಸ್ತೂರಬಾಯಿ ಆ ಬೆಂಚಿನ ಮೇಲೆ ಯಾರನ್ನೂ ಕೂರಿಸದೆ ತನ್ನ ಕುರ್ಚಿಯನ್ನೇ ಬಿಟ್ಟುಕೊಡುತ್ತಾಳೆ. ಧರಣಿ ಕೂತು ಕೂತು ನರ್ಸುಗಳ ಸೀರೆ ಸವೆದ ಮೇಲೆ, ಬಿಪಿ ಮಾತ್ರೆ ಅವರೂ ಕೊಡಬಹುದೆಂದು ಹುಕುಂ ಬಂತು. ಕಸ್ತೂರಬಾಯಿಯ ಎದೆ ಮೇಲಿನ ಬೀಸುಕಲ್ಲು ಇಳಿಯಿತು. ಮೊನ್ನೆ ಹಣಮವ್ವನಿಗೇ ಬಿಪಿ ಏರಿತ್ತು. ಕಸ್ತೂರಬಾಯಿಯ ಹಳೇ ನಾಲಿಗೆ “ಸಾಹೇಬ್ರು ಬರ್ಲಿ” ಅಂದೇಬಿಟ್ಟಿತು. ಕೈ ಆಗಲೇ ಮಾತ್ರೆ ತೆಗೆದಿತ್ತು. ಹಣಮವ್ವ ನಕ್ಕಳು: “ನಾಲಿಗಿ ದಾರಿ ಕಾಯ್ಲಿ ಬಿಡ ಯವ್ವಾ, ನಿನ್ನ ಕೈ ಬಂತಲ್ಲ, ಸಾಕು!”