ಎರಡು ಹೆಸರಿನ ನಡುವಿನ ಹಾವು

ನಮ್ಮ ಪ್ರಾಣಿಶಾಸ್ತ್ರದ ಮಿಸ್ ಮುಡಿಯಲ್ಲಿ ಮಲ್ಲಿಗೆ ಘಮಘಮಿಸಿದರೆ ಕೈಯಲ್ಲಿ ಫಾರ್ಮಲಿನ್ ನಾರುತ್ತಿತ್ತು. ಕೊರಳಲ್ಲಿ ಸರದ ಜೊತೆಗೇ ಕಪ್ಪು ದಾರಕ್ಕೆ ಕಟ್ಟಿದ ಪುಟ್ಟ ಭೂತಗನ್ನಡಿ. ಮಲ್ಲೇಶ್ವರಂ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಆರಿಸುವಾಗಲೂ ಅದನ್ನು ಕಣ್ಣಿಗೆ ಹಿಡಿಯುವರು. ಹುಳ ಸಿಕ್ಕಿದರೆ, "ಎಷ್ಟು ಚೆನ್ನಾಗಿದೆ ನೋಡೇ!" ಎಂದು ಜೊತೆಗಿದ್ದ ನನಗೆ ತೋರಿಸುವ ಸಂಭ್ರಮ. ಕಾಯಿ ಮಾರುವವಳು, "ಮೆತ್ತಗೆ ಹೇಳಿ ಅಮ್ಮಾ, ಗಿರಾಕಿ ಕೇಳಿಸ್ಕೋತಾರೆ" ಎಂದು ಬೇಡಿಕೊಳ್ಳುತ್ತಿದ್ದಳು.

ಐವತ್ತರ ದಶಕದ ನಡುವಿನ ಮಾತು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಮಿಸ್ ಅಮೆರಿಕದ ಒಬ್ಬ ಪ್ರಾಧ್ಯಾಪಕರಿಗೆ ನಮ್ಮ ಕೇರೆಹಾವು, ಹಸಿರುಹಾವುಗಳನ್ನು ಕಳಿಸಿ, ಬದಲಿಗೆ ಅಲ್ಲಿನ ಮೂರು ಕಿಂಗ್‌ಸ್ನೇಕ್‌ಗಳನ್ನು ಫಾರ್ಮಲಿನ್ ತುಂಬಿದ ಸೀಸೆಗಳಲ್ಲಿ ತರಿಸಿದ್ದರು.

"ಕಾಳಿಂಗ ಅಲ್ಲ ಕಣ್ರೇ. ಇದಕ್ಕೆ ವಿಷ ಇಲ್ಲ, ಆದ್ರೆ ವಿಷದ ಹಾವನ್ನೂ ನುಂಗುತ್ತೆ" ಎಂದರು.

ಮೊದಲನೆಯದರ ಕಪ್ಪು ಮೈಮೇಲೆ ಸರಪಳಿಯಂತೆ ದೂರದೂರಕ್ಕೆ ಬಿಳಿ ಪಟ್ಟಿ. ಎರಡನೆಯದು ಅದಕ್ಕಿಂತ ದಕ್ಷಿಣದ ಸೀಮೆಯದು. ಪಟ್ಟಿ ಒತ್ತೊತ್ತಾಗಿ, ನಡುವೆಲ್ಲ ಚುಕ್ಕೆ. ಒಂದೇ ಜಾತಿಯ ಎರಡು ಉಪಜಾತಿ, ಎರಡು ಹೆಸರು. ಮೂರನೆಯದನ್ನು ಆ ಎರಡರ ಸೀಮೆ ಕೂಡುವಲ್ಲಿ ಹಿಡಿದಿದ್ದರು. ಅದರಲ್ಲಿ ಎರಡರ ಲಕ್ಷಣವೂ ಇತ್ತು.

"ಹಾಗಾದ್ರೆ ಇದು ಬೆರಕೆನಾ ಮಿಸ್?" ಎಂದು ಒಬ್ಬಳು ಕೇಳಿದಳು.

"ಯಾರಾದ್ರೂ ಪಂಜರದಲ್ಲಿಟ್ಟು ಕೂಡಿಸಿದಾರಾ? ಆ ನೆಲದಲ್ಲಿ ಹಾವು ಇರೋದೇ ಹಾಗೆ. ಅಸಲಿ ಹಾವು. ಗೆರೆ ಎಳೆದೋರು ನಾವು."

ಪ್ರಾಯೋಗಿಕ ಪರೀಕ್ಷೆಗೆ ಬೇರೆ ಊರಿನಿಂದ ಪೇಟ ಸುತ್ತಿದ ಪರೀಕ್ಷಕರು ಬಂದರು. ಆ ಮೂರನೇ ಸೀಸೆಯನ್ನೇ ತೆಗೆದು, ಚೀಟಿ ಮರೆಮಾಡಿ, ನನ್ನ ಮುಂದಿಟ್ಟರು. "ಎರಡು ಉಪಜಾತಿಗಳ ನಡುವಿನದು, ಒಂದೇ ಹೆಸರು ಹೇಳಲಾಗದು" ಎಂದು ಬರೆದೆ. ಓದಿದವರೇ ಸೊನ್ನೆ ಸುತ್ತಿದರು.

"ಇದೆಂಥ ಉತ್ತರಮ್ಮಾ? ಯಾವುದಾದ್ರೂ ಒಂದು ಹೇಳು."

"ಒಂದಿಲ್ಲ ಸಾರ್" ಎನ್ನುವಾಗ ಮನೆಯ ನೆನಪಾಯಿತು. ಫಸ್ಟ್ ಕ್ಲಾಸ್ ಬಾರದಿದ್ದರೆ ಓದು ಸಾಕು, ಮದುವೆಯೇ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಪಕ್ಕದಲ್ಲೇ ನಿಂತಿದ್ದ ಮಿಸ್ ವಾದ ಮಾಡಲಿಲ್ಲ. ಮೂರೂ ಹಾವುಗಳನ್ನು ತಟ್ಟೆಗಳಲ್ಲಿ ಹರಡಿ, ಕೊರಳಿನ ಭೂತಗನ್ನಡಿ ಬಿಚ್ಚಿ ಪರೀಕ್ಷಕರ ಕೈಗಿತ್ತರು. "ಪಟ್ಟಿ ನೀವೇ ಎಣಿಸಿ ಸಾರ್."

ಅವರು ತಲೆಯಿಂದ ಎಣಿಸಿದರು, ಬಾಲದಿಂದ ಎಣಿಸಿದರು. ಎರಡು ಸಲ ಲೆಕ್ಕ ತಪ್ಪಿತು. ಕಿಟಕಿಯ ಬೆಳಕಿಗೆ ಒಯ್ದರು. ನಾವು ಸೆರಗು ಬಾಯಿಗಿಟ್ಟುಕೊಂಡು ನಗು ತಡೆದೆವು.

"ಈ ಕಡೆಯಿಂದ ನೋಡಿದ್ರೆ ಅದು ಅನ್ಸುತ್ತೆ, ಆ ಕಡೆಯಿಂದ ನೋಡಿದ್ರೆ ಇದು ಅನ್ಸುತ್ತಲ್ಲಾ!"

"ಅವಳು ಬರ್ದಿರೋದೂ ಅದೇ ಸಾರ್."

ಪರೀಕ್ಷಕರು ಪೇಟ ಅಲುಗುವಂತೆ ನಕ್ಕರು. ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟರು.

ಫಸ್ಟ್ ಕ್ಲಾಸೇ ಬಂತು. ಆದರೂ ಅಪ್ಪ ಜಾತಕ ಹಿಡಿದು ಹೊರಟಿದ್ದರು. ಸುದ್ದಿ ತಿಳಿದ ಮಿಸ್ ಚಾಮರಾಜಪೇಟೆಯ ನಮ್ಮ ಮನೆಗೇ ಬಂದರು. "ಎಂ.ಎಸ್ಸಿ.ಗೆ ಸೇರಿಸಿ. ಗಂಡು ಕಾಯ್ತಾನೆ, ಸೀಟು ಕಾಯಲ್ಲ."

ಅಪ್ಪ ಜಾತಕವನ್ನು ಮೆಲ್ಲಗೆ ಮಡಿಸಿದರು. "ನೀವೇ ಬಂದು ಹೇಳಿದ್ಮೇಲೆ ನಾನೇನು ಹೇಳ್ಲಿ? ಕಾಫಿ ತಗೊಳ್ಳಿ."

ಹೀಗೆ ನಾನೂ ಪ್ರಾಣಿಶಾಸ್ತ್ರದ ಮಿಸ್ ಆದೆ. ಮೂವತ್ತು ವರ್ಷ ಆ ಕೆಲಸದ ಅನ್ನ ಉಂಡೆ, ಖುಷಿಯಾಗಿ.

ಮಿಸ್ ತೀರಿಕೊಳ್ಳುವ ಹಿಂದಿನ ವಾರ ನೋಡಲು ಹೋಗಿದ್ದೆ. ದನಿ ಉಡುಗಿತ್ತು. ಗೋಡೆಯತ್ತ ಬೆರಳು ಮಾಡಿ, "ಆ ಹಲ್ಲಿ ಮಾಮೂಲಿದಲ್ಲ ಕಣೇ, ಬಾಲ ನೋಡು" ಎಂದರು. ಅರವತ್ತು ದಾಟಿದ ನಾನು ಕುರ್ಚಿ ಹತ್ತಿ ನೋಡಿದೆ. ಹೌದು, ಬೇರೆಯೇ ಇತ್ತು.