ನೀರೆತ್ತಿದ ತಾಸುಗಳು

ಶಹಾಬಾದಿನ ಮಾಣಿಕಪ್ಪ ಉಳಿ ಇಟ್ಟು ಸುತ್ತಿಗೆ ಎತ್ತಿದನೆಂದರೆ, ಏಟು ಬೀಳುವ ಮೊದಲೇ ಕಲ್ಲು ಹೆದರಿ ತಾನಾಗಿ ಹೋಳಾಗುತ್ತಿತ್ತು. ಅವನು ಬಿಡಿಸಿದ ಫರ್ಸಿ ಹಾಸುಗಲ್ಲಿನ ಮೇಲೆ ನೊಣ ಕೂತರೆ ಜಾರಿ ವಾಡಿ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಿತ್ತು. ಇಂಥವನ ಹೆಸರೇ ೧೯೫೩ರ ಮಳೆಗಾಲದಲ್ಲಿ ಖಣಿಯ ಕಾಯಂ ಪಟ್ಟಿಯಿಂದ ಬಿದ್ದುಹೋಗುವ ಹಾಗಾಯಿತು.

ವಾರಕ್ಕೆ ನಲವತ್ತೆಂಟು ತಾಸಿಗಿಂತ ಹೆಚ್ಚು ದುಡಿಸಬಾರದೆಂಬ ಹೊಸ ಕಾಯ್ದೆ ಬಂದಿತ್ತು. ಆಳುಗಳು ವಾರಕ್ಕೆ ಎಷ್ಟು ತಾಸು ದುಡಿಯುತ್ತಾರೆಂದು ನೋಡಲು ಬಸವಂತರಾಯ ಎಂಬ ಸಾಹೇಬರು ಒಂದು ಶನಿವಾರ ಬಂದು ಹಾಜರಿ ಪುಸ್ತಕ ತೆರೆದರು. ಮಾಣಿಕಪ್ಪನದು ಒಂದು ವಾರ ನಲವತ್ತೆಂಟು, ಇನ್ನೊಂದು ವಾರ ಮೂವತ್ತು, ಬೇಸಿಗೆಯಲ್ಲಿ ಇಪ್ಪತ್ತೈದು, ಈ ವಾರ ಬರೀ ಒಂಬತ್ತು. ಇವನು ಆಳಲ್ಲ, ಬಂದು ಹೋಗುವ ಬೀಗ ಎಂದು ಸಾಹೇಬರು ಹೆಸರು ಹೊಡೆಯಲು ಪೆನ್ಸಿಲ್ ಎತ್ತಿದರು.

ಮಾಣಿಕಪ್ಪ ಕೈಕಟ್ಟಿ ವಿವರಿಸಿದ. ವ್ಯಾಗನ್ನು ಬಾರದ ವಾರ ಬಿಡಿಸಿದ ಕಲ್ಲು ಇಡಲು ಜಾಗವಿಲ್ಲ, ಕೆಲಸ ನಿಲ್ಲುತ್ತದೆ. ಬೇಸಿಗೆಯ ಮಧ್ಯಾಹ್ನ ಉಳಿ ಎಷ್ಟು ಕಾಯುತ್ತದೆಂದರೆ ರೊಟ್ಟಿ ಬೇಯಿಸಬಹುದು, ಹಿಡಿಯಲಾಗದು. ಸಾಹೇಬರು ತಲೆದೂಗಿದರು. ಆದರೆ ಈ ವಾರದ ಒಂಬತ್ತು? ಮಳೆಗೆ ಖಣಿ ತುಂಬಿತ್ತು, ನೀರು ಎತ್ತಿದೆ ಎಂದ. ಮತ್ತೆ ಅದನ್ನೇಕೆ ಬರೆಸಲಿಲ್ಲ ಎಂದು ಕೇಳಿದರು.

"ಅದು ಕೆಲಸ ಏನ್ರಿ ಸಾಹೇಬ್ರ? ನೀರಾಗ ಇಳಿಯೋದಂದ್ರ ನಮಗ ಮಾರಿ ತೊಳ್ಕೊಂಡಂಗ."

ಅವನು ಕಾಗಿಣಾ ಹೊಳೆಯ ದಂಡೆಯ ಮನೆತನದವನು. ನಡೆಯುವ ಮೊದಲೇ ಈಜಿದವನು. ಸಂಜೆ ಹಾಜರಿ ಬರೆಯುವ ಮುನ್ಸಿ ಕೇಳಿದಾಗ ಸುತ್ತಿಗೆ ಹಿಡಿದ ತಾಸನ್ನಷ್ಟೇ ಹೇಳುತ್ತಿದ್ದ. ನೀರಿನ ಕೆಲಸಕ್ಕೆ ಲೆಕ್ಕ ಹೇಳುವುದು ಅವನಿಗೆ ನಾಚಿಕೆ.

ಕಲ್ಲು ಹೊರುತ್ತಿದ್ದ ಹೆಂಡತಿ ಸಾಬಮ್ಮ ಬುಟ್ಟಿ ಇಳಿಸಿದಳು. "ಮಾರಿ ತೊಳ್ಕೊಳ್ಳಾಕ ದಿನಾ ಒಂಬತ್ತು ತಾಸು ಬೇಕೇನ್ರಿ? ಐದು ದಿನ ಆತು, ಡಬ್ಬಿ ಹಿಡಿದು ಎತ್ತಾಕತ್ಯಾನ. ಅವನ ಕಾಲು ನೋಡ್ರಿ."

ಕಾಲು ನೆನೆದು ಸುಣ್ಣದ ಹಾಗೆ ಬೆಳ್ಳಗಾಗಿದ್ದವು. ಸಾಹೇಬರು ನೋಡಿದರು, ಖಣಿಯನ್ನೂ ನೋಡಿದರು. ಮುನ್ಸಿಯಿಂದ ನೀರಿನ ತಾಸುಗಳಿಗೆ ಬೇರೆ ಸಾಲು ಹಾಕಿಸಿ, ಒಂಬತ್ತಕ್ಕೆ ನಲವತ್ತೈದು ಕೂಡಿಸಿದರು. ಮಾಣಿಕಪ್ಪನ ಹೆಸರಿನ ಮುಂದೆ ಕಾಯಂ ಎಂದು ಬರೆದರು.

"ಕಾಯ್ದೆಕ್ಕಿಂತ ಆರು ತಾಸು ಜಾಸ್ತಿ ಆಗ್ಯದ," ಎಂದರು. "ಈ ವಾರ ಸಾಕು, ಮನಿಗಿ ನಡಿ."

ಆ ಆರನ್ನು ವ್ಯಾಗನ್ನು ಬಾರದ ವಾರಕ್ಕೆ ಎತ್ತಿಡಬಹುದೇ ಎಂದು ಮಾಣಿಕಪ್ಪ ವಿನಯದಿಂದ ಕೇಳಿದ. ಆಗದೆಂದರು. ಮದುವೆಯಾದ ಹನ್ನೊಂದು ವರ್ಷಕ್ಕೆ ಮೊದಲ ಸಲ ಗಂಡ ಹೆಂಡತಿ ಹಾಡುಹಗಲೇ ಜೊತೆಯಾಗಿ ಮನೆಗೆ ನಡೆದರು. ಓಣಿಯವರೆಲ್ಲ ಯಾರಿಗೆ ಏನಾಯಿತೋ ಎಂದು ಹೊರಗೋಡಿ ಬಂದರು.